ಓಡುವವರ ಚಿತ್ರ


ಈ ಸಂಪುಟಕ್ಕಾಗಿ ಹಳೆಯ ಚಿತ್ರಗಳನ್ನು ಕಲೆಹಾಕುವಾಗ ನಮಗೆ ಕಂಡದ್ದು ಸಾಲಾಗಿ ನಿಂತ ಮಕ್ಕಳು, ಕುರ್ಚಿಯಲ್ಲಿ ಕುಳಿತ ಗುರುಗಳು. ಮಿರಜಿನ ಈ ಅಂಗಳದ ಆಟವೇ ಇಲ್ಲ. ನಾವು ತೆಗೆದ ಒಂದು ಖೋ ಖೋ ಚಿತ್ರವಿದೆ. ಅದರಲ್ಲಿ ಕುಳಿತವರು ಸ್ಪಷ್ಟ, ಓಡುತ್ತಿದ್ದ ಬಾಲಕಿ ಮಸುಕು. ಮರುವರ್ಷ ಆಕೆ ಶಾಲೆ ಬಿಟ್ಟಳು.

ತಪ್ಪು ನಮ್ಮದೇ. ಒಮ್ಮೆ ಫೋಕಸ್ ಹಿಡಿದು ಅಲ್ಲಿಯೇ ನಿಲ್ಲುವ ವಿಧಾನವನ್ನು ಆರಿಸಿದ್ದೆವು. ನಿಕಾನ್‌ನಲ್ಲಿ ಅದು ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್. ಓಡುವವರಿಗೆ ಎಎಫ್-ಸಿ ಅಥವಾ ಸರ್ವೋ ಬೇಕು: ಗುಂಡಿಯನ್ನು ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಕ್ಯಾಮೆರಾ ದೂರವನ್ನು ಅಳೆಯುತ್ತ, ಮಸೂರವನ್ನು ಹೊಂದಿಸುತ್ತ ಆಟಗಾರರನ್ನು ಹಿಂಬಾಲಿಸುತ್ತದೆ.

ಖೋ ಖೋದಲ್ಲಿ ಅಷ್ಟೇ ಸಾಲದು. ಕುಳಿತ ಎಂಟು ಮಂದಿಯ ನಡುವೆ ಓಡುವವಳು ನುಸುಳುವಾಗ ಫೋಕಸ್ ಹತ್ತಿರದವರ ಮೇಲೆ ಹಾರಿಬಿಡುತ್ತದೆ. ಆದುದರಿಂದ ಇಡೀ ಚೌಕಟ್ಟನ್ನು ಯಂತ್ರಕ್ಕೆ ಒಪ್ಪಿಸದೆ, ಕೆಲವೇ ಬಿಂದುಗಳ ಸಣ್ಣ ವಲಯವನ್ನು ಆಕೆಯ ಮೇಲೆಯೇ ಇರಿಸಬೇಕು. ಅಡ್ಡ ಬಂದವರಿಗೆ ತಡವಾಗಿ ಸ್ಪಂದಿಸುವಂತೆ ಹೊಂದಿಸುವ ಸೌಲಭ್ಯವಿದ್ದರೆ ಅದನ್ನೂ ಬಳಸಬೇಕು. ಸಾಂಗಲಿಯಲ್ಲಿ ಕೃಷ್ಣೆಯ ಮೇಲೆ ಹಾರುವ ಬೆಳ್ಳಕ್ಕಿಗೆ ಈ ಎಚ್ಚರ ಬೇಡ. ಹಿಂದೆ ಬರಿಯ ಆಕಾಶವಿದ್ದರೆ ವಿಶಾಲ ವಲಯವೇ ಲೇಸು. ಫೋಕಸ್ ಎಷ್ಟೇ ಸರಿಯಿರಲಿ, ಷಟರ್ ವೇಗವು ಸೆಕೆಂಡಿನ 1/1000ರ ಆಸುಪಾಸಿನಲ್ಲಿ ಇರದಿದ್ದರೆ ಕೈಕಾಲುಗಳು ಮಸುಕಾಗುತ್ತವೆ.

ಇಂದು ನಾಲ್ಕು ಗಂಟೆಗೆ ಬಾಲಕಿಯರ ಪಂದ್ಯವಿದೆ. ಕ್ಯಾಮೆರಾ ಉಳ್ಳವರು ಕಂಬದ ಬದಿಗೆ ಕುಳಿತುಕೊಳ್ಳಿರಿ. ಬೆನ್ನಟ್ಟುವವಳು ಅಲ್ಲಿಗೆ ಬಂದೇ ದಿಕ್ಕು ಬದಲಿಸಬೇಕು. ಸಂಪುಟದಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟಿದ್ದೇವೆ.