ಹಳೆಯ ಟ್ರ್ಯಾಕ್ಟರಿಗೆ ಎಲ್‌ಇಡಿ ದೀಪ: ತೊಂದರೆಗಳು ಮತ್ತು ಪರಿಹಾರ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ತೊಗರಿ ರಾಶಿಯ ಕಾಲ. ಹಗಲೆಲ್ಲ ಕಣದಲ್ಲಿ ದುಡಿದ ಟ್ರ್ಯಾಕ್ಟರು ಕತ್ತಲಾದ ಮೇಲೆ ಚೀಲ ತುಂಬಿದ ಟ್ರೇಲರನ್ನು ಎಳೆದುಕೊಂಡು ರಸ್ತೆಗೆ ಇಳಿಯುತ್ತದೆ. ಅದೇ ರಸ್ತೆಯಲ್ಲಿ ಸಿಮೆಂಟ್ ಲಾರಿಗಳೂ ಶಹಾಬಾದಿ ಕಲ್ಲು ಹೇರಿದ ವಾಹನಗಳೂ ಓಡಾಡುತ್ತವೆ. ಟ್ರೇಲರಿನ ಹಿಂದೆ ದೀಪ ಉರಿಯದಿದ್ದರೆ ಹಿಂದಿನಿಂದ ಬರುವ ಚಾಲಕನಿಗೆ ಕಾಣುವುದು ಬರೀ ಕತ್ತಲೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಹಿಂಬದಿಯ ಕೆಂಪು ದೀಪವು 155 ಮೀಟರ್ ದೂರದಿಂದ ಕಾಣುವಂತಿರಬೇಕು.

ಬೆಳಕು ಹೆಚ್ಚು, ಬ್ಯಾಟರಿಯ ಮೇಲೆ ಭಾರ ಕಡಿಮೆ ಎಂಬ ಕಾರಣದಿಂದ ಅನೇಕ ರೈತರು ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದ್ದಾರೆ. ಇದು ಸರಿಯಾದ ಕ್ರಮವೇ. ಆದರೆ ಹಾಕಿಸಿದ ಮೇಲೆ ಕೆಲವರ ಇಂಡಿಕೇಟರ್ ಮಿನುಗುವುದಿಲ್ಲ. ಕೆಲವರದು ಎಡಕ್ಕೆ ಒತ್ತಿದರೆ ನಾಲ್ಕೂ ಮಿನುಗುತ್ತವೆ. ಇನ್ನು ಕೆಲವರ ಬ್ಯಾಟರಿ ನಾಲ್ಕು ದಿನದಲ್ಲಿ ಇಳಿದುಹೋಗುತ್ತದೆ. ಆಗ ದೀಪವೇ ಕಳಪೆ ಎಂದು ಇನ್ನೊಂದು ಜೊತೆ ಕೊಳ್ಳುತ್ತಾರೆ. ಕೂರಿಗೆಯ ಕೊಳವೆ ಕಟ್ಟಿಕೊಂಡಿದ್ದರೆ ಬೀಜವನ್ನು ದೂರಿ ಫಲವಿಲ್ಲ. ಇಲ್ಲಿಯೂ ಬಹುಪಾಲು ದೋಷವಿರುವುದು ದೀಪದಲ್ಲಲ್ಲ, ದೀಪದವರೆಗಿನ ಹಳೆಯ ವ್ಯವಸ್ಥೆಯಲ್ಲಿ.

ಮೂಲ ಕಾರಣ

ಇಂಡಿಕೇಟರಿನ ಹಳೆಯ ಬಲ್ಬು ಸಾಮಾನ್ಯವಾಗಿ 21 ವ್ಯಾಟಿನದು. 12 ವೋಲ್ಟಿನಲ್ಲಿ ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಕರೆಂಟ್ ಎಳೆಯುತ್ತದೆ. ಅದರ ಜಾಗಕ್ಕೆ ಬರುವ 3 ವ್ಯಾಟಿನ ಎಲ್‌ಇಡಿಗೆ ಕಾಲು ಆಂಪಿಯರ್ ಸಾಕು. ಹಳೆಯ ವಾಹನದ ಕೆಲವು ಭಾಗಗಳು ಆ ಹೆಚ್ಚಿನ ಕರೆಂಟನ್ನು ನಂಬಿಯೇ ಕೆಲಸ ಮಾಡುವಂಥವು. ಕರೆಂಟ್ ಕಡಿಮೆಯಾದೊಡನೆ ಅವುಗಳ ಲೆಕ್ಕ ತಪ್ಪುತ್ತದೆ.

ಇನ್ನೊಂದು ವ್ಯತ್ಯಾಸವಿದೆ. ಹಳೆಯ ಬಲ್ಬಿಗೆ ಧನ, ಋಣ ಎಂಬ ಭೇದವಿಲ್ಲ, ಎಲ್‌ಇಡಿಗೆ ಇದೆ. ಹೊಸ ದೀಪ ಉರಿಯದಿದ್ದರೆ ಅದನ್ನು ಎಸೆಯುವ ಮುನ್ನ ತಂತಿಗಳು ಅದಲುಬದಲಾಗಿವೆಯೇ ಎಂದು ನೋಡತಕ್ಕದ್ದು.

ಇಂಡಿಕೇಟರ್ ಮಿನುಗದಿದ್ದರೆ

ಹಳೆಯ ಫ್ಲ್ಯಾಷರ್ ಡಬ್ಬಿಯೊಳಗೆ ಕರೆಂಟಿನಿಂದ ಕಾದು ಬಾಗುವ ಲೋಹದ ಪಟ್ಟಿ ಇರುತ್ತದೆ. ಕಾದಾಗ ಒಂದು ಸ್ಥಿತಿ, ತಣಿದಾಗ ಇನ್ನೊಂದು. ಇದರಿಂದಲೇ ದೀಪ ಮಿನುಗುವುದು. ಎಲ್‌ಇಡಿಯ ಅಲ್ಪ ಕರೆಂಟಿಗೆ ಪಟ್ಟಿ ಸಾಕಷ್ಟು ಕಾಯದೆ ದೀಪ ಒಂದೇ ಸಮನೆ ಉರಿಯುತ್ತದೆ. ಕೆಲವು ಎಲೆಕ್ಟ್ರಾನಿಕ್ ಫ್ಲ್ಯಾಷರುಗಳು ಕರೆಂಟ್ ಕಡಿಮೆಯಾದುದನ್ನು ಕಂಡು ಬಲ್ಬು ಸುಟ್ಟಿದೆಯೆಂದು ತಿಳಿದು ವೇಗವಾಗಿ ಮಿನುಗಿಸುತ್ತವೆ.

ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಷರ್ ಹಾಕಿಸುವುದು ಉತ್ತಮ. ಅದಕ್ಕೆ ಮೂರನೆಯ ಕಾಲು ಇದ್ದರೆ ಅದನ್ನು ಅರ್ಥಿಗೆ ಜೋಡಿಸಬೇಕು. ಕೆಲವರು ಇದರ ಬದಲು 6 ಓಮ್, 50 ವ್ಯಾಟಿನ ರೆಸಿಸ್ಟರನ್ನು ದೀಪಕ್ಕೆ ಸಮಾನಾಂತರವಾಗಿ ಕೂಡಿಸುತ್ತಾರೆ. ಅದು ಕೈ ಸುಡುವಷ್ಟು ಕಾಯುತ್ತದೆ. ಹಾಕಲೇಬೇಕಾದರೆ ಬರಿಯ ಲೋಹದ ಮೇಲೆ ಬಿಗಿಯತಕ್ಕದ್ದು. ತೊಗರಿಯ ಒಣ ಹೊಟ್ಟು, ಕಟ್ಟಿಗೆ ತುಂಬುವ ಟ್ರೇಲರಿನಲ್ಲಿ ಇದನ್ನು ಹಾಕದಿರುವುದೇ ಕ್ಷೇಮ.

ನಾಲ್ಕೂ ದೀಪ ಒಟ್ಟಿಗೆ ಮಿನುಗಿದರೆ

ಎಡ, ಬಲ ಎರಡಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಸೂಚಕ ದೀಪವಿರುವ ಗಾಡಿಗಳಲ್ಲಿ ಈ ತೊಂದರೆ ಬರುತ್ತದೆ. ಆ ಚಿಕ್ಕ ದೀಪದ ಮೂಲಕ ಅಲ್ಪ ಕರೆಂಟ್ ಆಚೆ ಬದಿಗೆ ದಾಟುತ್ತದೆ. ಹಳೆಯ ಬಲ್ಬಿಗೆ ಅದು ಸಾಲುತ್ತಿರಲಿಲ್ಲ, ಎಲ್‌ಇಡಿಗೆ ಸಾಲುತ್ತದೆ. ಸೂಚಕ ಬಲ್ಬನ್ನು ಬಿಚ್ಚಿ ಪರೀಕ್ಷಿಸಿ. ತೊಂದರೆ ನಿಂತರೆ ಕಾರಣ ಅದೇ. ಎರಡು ಡಯೋಡು ಕೂಡಿಸಿ, ಸೂಚಕ ದೀಪದ ಇನ್ನೊಂದು ತುದಿಯನ್ನು ಅರ್ಥಿಗೆ ಕೊಡುವಂತೆ ವೈರಿಂಗ್ ಮಾಡುವವರಿಗೆ ಹೇಳಬೇಕು.

ಬ್ಯಾಟರಿ ಇಳಿಯುತ್ತಿದ್ದರೆ

ಇದು ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ತಪ್ಪು. ಕೀಲಿ ತಿರುಗಿಸಿದಾಗ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರುವ ಚಾರ್ಜಿಂಗಿನ ಕೆಂಪು ದೀಪವನ್ನು ಗಮನಿಸಿ. ಆಲ್ಟರ್ನೇಟರ್ ಇರುವ ಅನೇಕ ಗಾಡಿಗಳಲ್ಲಿ ಅದು ಬರಿಯ ಸೂಚಕವಲ್ಲ. ಆಲ್ಟರ್ನೇಟರ್ ಕೆಲಸ ಆರಂಭಿಸಲು ಬೇಕಾದ ಮೊದಲ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಆ ಕರೆಂಟ್ ಸಾಲದೆ ಚಾರ್ಜಿಂಗ್ ಆರಂಭವಾಗದೆ ಹೋಗಬಹುದು. ಆದುದರಿಂದ ಈ ಒಂದು ಬಲ್ಬನ್ನು ಮಾತ್ರ ಹಳೆಯದನ್ನೇ ಇರಗೊಡಬೇಕು. ಡೈನಮೊ ಇರುವ ಇನ್ನೂ ಹಳೆಯ ಗಾಡಿಗಳಲ್ಲಿ ಈ ದೀಪ ಎಚ್ಚರಿಕೆಗೆ ಮಾತ್ರ ಇದೆ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. ಎಂಜಿನ್ ಮಧ್ಯಮ ವೇಗದಲ್ಲಿರುವಾಗ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಎಷ್ಟು ಹೊಸ ಎಲ್‌ಇಡಿ ಹಾಕಿದರೂ ಸುಡುತ್ತವೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಬಿಚ್ಚಬಾರದು. ಆಗ ವೋಲ್ಟೇಜ್ ಒಮ್ಮೆಲೇ ಏರಿ ದೀಪಗಳೂ ಆಲ್ಟರ್ನೇಟರೂ ಹಾಳಾಗುತ್ತವೆ.

ಟ್ರೇಲರಿನ ದೀಪ ಮಂಕಾಗಿದ್ದರೆ

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹೊತ್ತಿದರೆ ಅರ್ಥ್ ಕೆಟ್ಟಿದೆ ಎಂದು ತಿಳಿಯಿರಿ. ಕರೆಂಟ್ ಮರಳುವ ದಾರಿ ಕಾಣದೆ ಇನ್ನೊಂದು ದೀಪದ ಮೂಲಕ ನುಗ್ಗುತ್ತಿರುತ್ತದೆ. ಅನೇಕ ಟ್ರೇಲರುಗಳಿಗೆ ಅರ್ಥ್ ಸಿಗುವುದು ಕೊಂಡಿಯ ಮೊಳೆಯಿಂದ ಮಾತ್ರ. ಅಲ್ಲಿ ತುಕ್ಕು, ಗ್ರೀಸು ಇರುತ್ತವೆ. ವಾಡಿ, ಶಹಾಬಾದ ಕಡೆಯ ಸುಣ್ಣಕಲ್ಲಿನ ಧೂಳು ಸಾಕೆಟ್ಟಿನಲ್ಲಿ ಸೇರಿ, ಮಳೆಗಾಲದ ತೇವದಲ್ಲಿ ಹೆಪ್ಪುಗಟ್ಟುತ್ತದೆ. ಚಿಂಚೋಳಿಯ ಗುಡ್ಡದ ದಾರಿಯಲ್ಲಿ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಟ್ರೇಲರಿನ ದೀಪಗಳಿಂದ ಟ್ರ್ಯಾಕ್ಟರಿನ ಚಾಸಿಗೆ ಬೇರೆಯೇ ಒಂದು ಅರ್ಥ್ ತಂತಿ ಎಳೆಸಿ, ಸಾಕೆಟ್ಟನ್ನು ಉಜ್ಜಿ ಒಣಗಿಸಿಡಿ.

ತೆಗೆದ 21 ವ್ಯಾಟಿನ ಬಲ್ಬನ್ನು ಬಿಸಾಡಬೇಡಿ. ಅದಕ್ಕೆ ಎರಡು ತಂತಿ ಕಟ್ಟಿದರೆ ಉತ್ತಮ ಪರೀಕ್ಷಾ ದೀಪವಾಗುತ್ತದೆ. ತುಕ್ಕು ಹಿಡಿದ ಜೋಡಣೆಯಲ್ಲಿಯೂ ಮೀಟರ್ 12 ವೋಲ್ಟ್ ತೋರಿಸೀತು, ಎಲ್‌ಇಡಿಯೂ ಹೊತ್ತೀತು. ಆದರೆ ಈ ಬಲ್ಬು ಅಲ್ಲಿ ಚೆನ್ನಾಗಿ ಉರಿಯುವುದಿಲ್ಲ. ಅಡಗಿದ ದೋಷ ಹೊರಬೀಳುತ್ತದೆ.

ಹೆಚ್ಚುವರಿ ದೀಪ ಮತ್ತು ಫ್ಯೂಸ್

ರಾಶಿಯ ಕಣಕ್ಕೆಂದು 48 ವ್ಯಾಟಿನ ಎರಡು ಎಲ್‌ಇಡಿ ಪಟ್ಟಿ ಹಾಕಿಸಿದರೆ ಒಟ್ಟು 8 ಆಂಪಿಯರ್ ಆಗುತ್ತದೆ. ಇದನ್ನು ಹಳೆಯ ಸ್ವಿಚ್ಚಿಗೆ ಹೊರಿಸಬಾರದು. ಬ್ಯಾಟರಿಯಿಂದ ಬೇರೆ ತಂತಿ ಎಳೆದು, ಬ್ಯಾಟರಿಯ ಹತ್ತಿರವೇ 10 ಆಂಪಿಯರ್ ಫ್ಯೂಸ್ ಮತ್ತು ಒಂದು ರಿಲೇ ಹಾಕಿಸಬೇಕು. ಫ್ಯೂಸ್ ಹೋದರೆ ಆ ಜಾಗಕ್ಕೆ ತಾಮ್ರದ ಎಳೆ ಸುತ್ತುವ ರೂಢಿ ಅಪಾಯಕರ. ಒಂದು ಕಿಡಿಗೆ ಕಣದ ಹೊಟ್ಟಷ್ಟೇ ಅಲ್ಲ, ವರ್ಷದ ದುಡಿಮೆಯೇ ಹೋದೀತು. ರಸ್ತೆಗೆ ಇಳಿದಾಗ ಈ ಪಟ್ಟಿಗಳನ್ನು ಆರಿಸತಕ್ಕದ್ದು. ಇಲ್ಲವಾದರೆ ಎದುರಿನವರ ಕಣ್ಣು ಕತ್ತಲಿಡುತ್ತದೆ.

ಆದುದರಿಂದ ರೈತ ಬಾಂಧವರು ಮೊದಲು ಅರ್ಥ್, ಬಳಿಕ ಚಾರ್ಜಿಂಗ್ ವೋಲ್ಟೇಜ್, ಬಳಿಕ ಫ್ಲ್ಯಾಷರ್, ಕೊನೆಗೆ ದೀಪ ಎಂಬ ಕ್ರಮದಲ್ಲಿ ಪರೀಕ್ಷಿಸಬೇಕು. ಚೀಲ ಹೇರುವ ಮುನ್ನ ಒಬ್ಬರು ಬ್ರೇಕ್ ಒತ್ತಿ, ಇನ್ನೊಬ್ಬರು ಟ್ರೇಲರಿನ ಹಿಂದೆ ನಿಂತು ನೋಡಲಿ. ಎರಡು ನಿಮಿಷದ ಈ ಕೆಲಸದಿಂದ ಬೆಳೆ ಪೇಟೆಯನ್ನೂ ಬೆಳೆದವರು ಮನೆಯನ್ನೂ ಸುಖವಾಗಿ ಸೇರುತ್ತಾರೆ.