ಒಲೆಯ ಮುಂದಿನ ಸಭೆ



ಧಾರವಾಡದ ಈ ಉಪನ್ಯಾಸದ ದತ್ತಿಯನ್ನು ಮಕ್ಕಳು ತಮ್ಮ ಅವ್ವನ ನೆನಪಿಗೆ ಇಟ್ಟಿದ್ದಾರೆ. ಕ್ರೈಸ್ತ ಧರ್ಮದ ಬಗ್ಗೆ ಯಾವ ವಿಷಯವಾದರೂ ಆದೀತು ಎಂದು ನನಗೆ ಪತ್ರ ಬರೆದಿದ್ದರು. ಅದರ ಕೆಳಗೆ ಪೆನ್ನಿನಲ್ಲಿ ಒಂದು ಸಾಲು: ‘ನಮ್ಮವ್ವ ನಾಲ್ಕನೇ ಇಯತ್ತೆ ಓದಿದಾಕಿ, ಆಕಿಗೆ ತಿಳಿಯೂವಂಗ ಇದ್ದರ ಛಲೋ.’ ವಿಷಯವನ್ನು ಗೊತ್ತುಮಾಡಿದ್ದು ಆ ಸಾಲೇ. ವಿದ್ಯಾವರ್ಧಕ ಸಂಘ ಹುಟ್ಟಿದ 1890ರಿಂದ ಈ ಊರು ಉಪನ್ಯಾಸ ಕೇಳುತ್ತಲೇ ಬಂದಿದೆ. ತ್ರಿಯೇಕತ್ವದ ಮೇಲೆ ಇನ್ನೊಂದು ತಾಸು ಕೇಳುವ ತಾಳ್ಮೆ ಊರಿಗೆ ಇದ್ದೀತು, ಹೇಳುವ ಕಸುವು ನನಗಿಲ್ಲ. ಆದ್ದರಿಂದ ಆ ತಾಯಿ ನಕ್ಕು ತಲೆಯಾಡಿಸಬಹುದಾದ ಸಂಗತಿಯನ್ನೇ ಹಿಡಿದುಕೊಂಡು ಬಂದಿದ್ದೇನೆ: ಸಂಜೆಯ ಮನೆ ಪ್ರಾರ್ಥನೆ.

ನಾನು ಬೆಳೆದದ್ದು ಹುಬ್ಬಳ್ಳಿಯ ಮಿಶನ್ ಕಂಪೌಂಡಿನ ಹಂಚಿನ ಮನೆಯಲ್ಲಿ. ಅಜ್ಜ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ವರ್ಕ್‌ಶಾಪಿನ ಭೋಂಗಾ ಕೂಗಿದರೆ ಅಜ್ಜ ಹೊರಟ ಎಂದು ಲೆಕ್ಕ. ಸೈಕಲ್ ಬಂದು ಗೋಡೆಗೆ ಆನಿಕೊಂಡ ಸದ್ದಾದರೆ ಅಜ್ಜಿ, ನಮ್ಮ ಬಾಯಲ್ಲಿ ಆಯಿ, ಒಲೆಗೆ ಹಂಚು ಏರಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಬೇಕು, ಅದು ಮಕ್ಕಳ ಕೆಲಸ. ಗೂಡಿನಿಂದ ಸತ್ಯವೇದ ಇಳಿಯುತ್ತಿತ್ತು. ಅದಕ್ಕೆ ಆಯಿ ತನ್ನ ಹಳೆಯ ಖಣದ ಕುಪ್ಪಸ ಬಿಚ್ಚಿ ಹೊಲಿದ ಹೊದಿಕೆ ಇತ್ತು. ಆ ಪುಸ್ತಕದ ಮೊದಲ ಖಾಲಿ ಹಾಳೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಸಾಲಾಗಿ ಇದ್ದವು. ನಡುವೆ ಅಜ್ಜನ ಅದೇ ದುಂಡು ಅಕ್ಷರದಲ್ಲಿ, ‘ಎಮ್ಮಿ ಈಯಿತು, ಹೆಣ್ಗರು’ ಎಂದೂ ಇತ್ತು. ಹೊಸ ಪಾದ್ರಿ ಅಯ್ಯನವರು ಒಮ್ಮೆ ಮನೆಗೆ ಬಂದವರು ಅದನ್ನು ನೋಡಿ ಹುಬ್ಬೇರಿಸಿದರು. ಅಜ್ಜ ಹೇಳಿದ್ದು ಇಷ್ಟೇ: ‘ಆ ವರ್ಷ ಈ ಮನಿ ಉಳದದ್ದು ಆ ಎಮ್ಮಿಯಿಂದ್ರೀ.’

ಮೊದಲು ಒಂದು ಹಾಡು, ಆಮೇಲೆ ಒಂದು ಅಧ್ಯಾಯ. ಆರಿಸಿ ಓದುವಂತಿರಲಿಲ್ಲ, ನಿನ್ನೆ ಬಿಟ್ಟಲ್ಲಿಂದ ಇವತ್ತು. ಹಾಗಾಗಿ ಸತ್ಯವೇದದ ಅರಣ್ಯಕಾಂಡದ ಗೋತ್ರಗಳ ಎಣಿಕೆಯನ್ನೂ ವಂಶಾವಳಿಗಳನ್ನೂ ನಾವು ಆಕಳಿಸುತ್ತ ಓದಿದ್ದೇವೆ. ತಲೆಗೆ ಒಂದು ವಚನದಂತೆ ಪಾಳಿ ಬರುತ್ತಿತ್ತು. ಓದಲು ಕಲಿತದ್ದು ಸಾಲೆಯಲ್ಲಿ ಅಲ್ಲ, ಈ ಪಾಳಿಯಲ್ಲಿ. ಆಮೇಲೆ ಅಜ್ಜನ ಪ್ರಾರ್ಥನೆ. ಓಣಿಯಲ್ಲಿ ಯಾರಿಗೆ ಜ್ವರ, ಯಾರ ಮಗನಿಗೆ ಮುಲ್ಕಿ ಪರೀಕ್ಷೆ, ಯಾರಿಗೆ ವರ್ಕ್‌ಶಾಪಿನಲ್ಲಿ ಬೆರಳು ಸಿಕ್ಕಿತು, ಎಲ್ಲ ಅದರಲ್ಲಿ ಬಂದು ಹೋಗುತ್ತಿತ್ತು. ಶನಿವಾರ ಪ್ರಾರ್ಥನೆ ಆಯಿಯದು. ಅವಳು ದೇವರಿಗೆ ಹೇಳಿದ್ದನ್ನು ಮನೆಯವರು ಕೇಳಬೇಕಿತ್ತು. ‘ಕರ್ತನೇ, ಈ ಮನ್ಯಾಗ ಒಬ್ಬಾಂವ ಬೀಡಿ ಸೇದಾಕ ಹತ್ಯಾನ. ಅಂವ ಯಾರಂತ ನಿನಗ ಗೊತ್ತೈತಿ, ನನಗೂ ಗೊತ್ತೈತಿ.’ ಕಣ್ಣು ಮುಚ್ಚಿಕೊಂಡಿದ್ದ ನಾವೆಲ್ಲ ಒಂದೊಂದು ಕಣ್ಣು ತೆರೆದು ಕಾಕಾನ ಕಡೆ ನೋಡಿದೆವು. ಕಾಕಾ ಮಾತ್ರ ಎಂದೂ ಇಲ್ಲದ ಭಕ್ತಿಯಿಂದ ಕಣ್ಣು ಬಿಗಿಹಿಡಿದಿದ್ದ.

ಈ ಪದ್ಧತಿ ನಮ್ಮ ಅಜ್ಜನದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಬಂದವರಲ್ಲಿ ಬಹುಪಾಲು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಅಲ್ಲಿಯ ಹಳ್ಳಿಗಳಲ್ಲಿ ಭಾನುವಾರದ ದೇವಾಲಯ ಸಾಲದೆಂದು ಜನ ಮನೆಗಳಲ್ಲಿ ಕೂಡಿ ಸತ್ಯವೇದ ಓದುತ್ತಿದ್ದರು. ಪಾದ್ರಿಯ ಕೈ ತಪ್ಪಿಸಿ ನಡೆಯುವ ಈ ಕೂಟಗಳು ಅಧಿಕಾರಸ್ಥರಿಗೆ ಕಿರಿಕಿರಿ. ಕಡೆಗೆ 1743ರಲ್ಲಿ ಅಲ್ಲಿಯ ಆಡಳಿತ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ಇನ್ನೂ ಹಿಂದೆ ಹೋದರೆ ಸುಧಾರಕ ಲೂಥರ್. 1529ರ ಅವನ ಸಣ್ಣ ಪ್ರಶ್ನೋತ್ತರ ಪುಸ್ತಕ ಪಾದ್ರಿಗೆ ಎಷ್ಟೋ, ಮನೆಯ ಯಜಮಾನನಿಗೂ ಅಷ್ಟೇ. ಅಧ್ಯಾಯದ ತಲೆಬರಹದಲ್ಲೇ ಹಾಗೆ ಹೇಳಿದ್ದಾನೆ. ಅದಕ್ಕೂ ಮೊದಲು, ದೇವಾಲಯವೆಂಬ ಕಟ್ಟಡವೇ ಇಲ್ಲದ ಕಾಲದಲ್ಲಿ, ಗುಡಾರ ಹೊಲಿಯುತ್ತಿದ್ದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಮನೆಯಲ್ಲಿ ಸಭೆ ಕೂಡುತ್ತಿತ್ತು. ಅಪೊಸ್ತಲ ಪೌಲ ಅವರ ಮನೆಯ ಸಭೆಗೂ ವಂದನೆ ಹೇಳಿ ಕಳಿಸಿದ್ದಾನೆ. ನಮ್ಮ ಕಡೆಯ ಕ್ರೈಸ್ತರು ಇವತ್ತಿಗೂ ಚರ್ಚಿಗೆ ಸಭೆ ಎಂದೇ ಅನ್ನುತ್ತಾರೆ. ಆ ಮಾತಿಗೆ ಗೋಡೆ ಗೋಪುರ ಬೇಕಾಗಿಲ್ಲ.

ಜರ್ಮನರು ಬೀಜ ತಂದರು, ಸರಿ. ನೆಲ ಇಲ್ಲಿಯದೇ ಆಗಿತ್ತು. ಲಿಂಗಾಯತರ ಮನೆಯಲ್ಲಿ ಅಂಗೈ ಮೇಲಿನ ಲಿಂಗಕ್ಕೆ ಪೂಜೆಯಾಗದೆ ಊಟವಿಲ್ಲ. ಉಳಿದವರ ಮನೆಯಲ್ಲಿ ಜಗಲಿಯ ಮೇಲೆ ದೇವರು, ಸಂಜೆಗೆ ದೀಪ. ಅಂಥ ಮನೆಗಳಿಂದ ಹೊರಬಂದವರು, ಹೊರಗೆ ಹಾಕಿಸಿಕೊಂಡವರು, ಹೆಚ್ಚಾಗಿ ಕಳೆದುಕೊಂಡದ್ದು ಊರ ಗುಡಿಯನ್ನಲ್ಲ, ಮನೆಯ ಜಗಲಿಯನ್ನು ಎಂದು ನನಗೆ ಅನ್ನಿಸುತ್ತದೆ. ಸಂಜೆಯಾದರೆ ಕೈ ಏನನ್ನೋ ಹುಡುಕುತ್ತದೆ. ಹಚ್ಚಬೇಕಾದ ದೀಪ ಇಲ್ಲ, ಏರಿಸಬೇಕಾದ ಹೂವಿಲ್ಲ. ಆ ಖಾಲಿ ಹೊತ್ತನ್ನು ಪುಸ್ತಕ ತುಂಬಿತು. 1876ರಿಂದ 78ರ ಘೋರ ಬರದಲ್ಲಿ ತಂದೆ ತಾಯಿ ಸತ್ತು ಮಿಶನ್ನಿನ ಅನಾಥಾಲಯಗಳಿಗೆ ಬಂದ ಮಕ್ಕಳಿಗಂತೂ ಕೂಡಿ ಕೂತು ಪ್ರಾರ್ಥನೆ ಮಾಡುವುದೇ ಮನೆ ಎಂಬುದರ ಮೊದಲ ಪಾಠವಾಗಿರಬೇಕು. ರಕ್ತದ ನಂಟಿಲ್ಲದವರು ಒಂದೇ ಚಾಪೆಯ ಮೇಲೆ ಅಣ್ಣ ತಂಗಿ ಆದರು.

ಒಂದು ಕಹಿ ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಮಗೆ ಮನೆ ಪ್ರಾರ್ಥನೆ ಕಲಿಸಿದ ಮಿಶನರಿ ದೊರೆಸಾನಿಗಳ ಮಕ್ಕಳು ಮನೆಯಲ್ಲಿ ಇರುತ್ತಿರಲಿಲ್ಲ. ಇಲ್ಲಿಯ ಹವೆ, ರೋಗ, ಓದು ಎಂದು ಕಾರಣ ಕೊಟ್ಟು ಮಿಶನರಿಗಳ ಮಕ್ಕಳನ್ನು ಎಳೆಯರಿರುವಾಗಲೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಅವರಿಗೆಂದೇ 1853ರಲ್ಲಿ ಬಾಸೆಲ್ ನಗರದಲ್ಲಿ ಮಕ್ಕಳ ಮನೆ ತೆರೆಯಿತು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಚಿಕ್ಕವಳಿದ್ದಾಗ ಯುರೋಪಿನಲ್ಲಿ ಉಳಿದು, ಮತ್ತೆ ತಂದೆಯ ಹತ್ತಿರ ಬಂದದ್ದು 1857ರಲ್ಲಿ. ಅಷ್ಟರಲ್ಲಿ ಹದಿನೈದು ವರ್ಷದ ಹುಡುಗಿ. ‘ಸಿದ್ಧಾರ್ಥ’ ಬರೆದ ಹೆರ್ಮನ್ ಹೆಸ್ಸೆಗೆ ಈಕೆ ತಾಯಿ. ನಮ್ಮ ಕನ್ನಡ ನಿಘಂಟಿನ ಕಿಟ್ಟೆಲ್ಲರ ಮನೆಯ ಕಥೆಯೂ ಹಗುರವಲ್ಲ. ಹೆಂಡತಿ ಪೌಲೀನಾ 1864ರಲ್ಲಿ ತೀರಿಕೊಂಡಳು, ಮುಂದೆ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು. 1894ರ ಆ ಮಹಾ ನಿಘಂಟನ್ನು ತೆರೆದಾಗಲೆಲ್ಲ ನನಗೆ ಎಪ್ಪತ್ತು ಸಾವಿರ ಶಬ್ದಗಳ ಹಿಂದೆ ಒಂದು ಸದ್ದಿಲ್ಲದ ಮನೆ ಕಾಣುತ್ತದೆ. ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಸಮುದ್ರದಾಚೆಯ ಮಕ್ಕಳನ್ನು ನೆನೆದು ಇಲ್ಲಿ ಪ್ರಾರ್ಥನೆ ಮಾಡಿದ ತಾಯಂದಿರ ದನಿ ನಮ್ಮ ಹಾಡುಗಳ ರಾಗದಲ್ಲಿ ಎಲ್ಲೋ ಸೇರಿಕೊಂಡಿದ್ದೀತು.

1914ರಲ್ಲಿ ಯುದ್ಧ ಬಂತು. ಜರ್ಮನರು ಶತ್ರುಗಳಾದರು. ಅಹ್ಮದನಗರದ ಶಿಬಿರದಲ್ಲಿ ಬಂಧಿಗಳಾದರು, ಆಮೇಲೆ ದೇಶ ಬಿಡಬೇಕಾಯಿತು. ಸಾಹೇಬರು ಹೋದರೆ ಸಭೆ ಕರಗುತ್ತದೆ ಎಂದು ಕೆಲವರು ಎಣಿಸಿದ್ದಿರಬೇಕು. ಕರಗಲಿಲ್ಲ. ಇಲ್ಲಿಯ ಅಯ್ಯನವರ ದುಡಿಮೆ ಅದಕ್ಕೆ ಒಂದು ಕಾರಣ. ಸಾಹೇಬರ ಅಪ್ಪಣೆ ಇಲ್ಲದೆ ನಡೆಯುತ್ತಿದ್ದ ಸಂಜೆಯ ಪಾಳಿ ಇನ್ನೊಂದು ಕಾರಣ ಎಂಬುದು ನನ್ನ ನಂಬಿಕೆ. ಜಮಖಾನ ಹಾಸುವುದಕ್ಕೆ ಯಾವ ಸರಕಾರದ ಪರವಾನಗಿ ಬೇಕು?

ಆ ಅಯ್ಯನವರಲ್ಲಿ ಒಬ್ಬರ ಹೆಸರು ಈ ಊರಿಗೆ ಹೊಸದಲ್ಲ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲೇ ಹುಟ್ಟಿದವರು, ಮಿಶನ್ನಿನ ಬೋಧಕರು. ಊರೂರು ಅಲೆದು ಸರ್ವಜ್ಞನನ್ನು ಕೂಡಿಸಿ 1924ರಲ್ಲಿ ಅಚ್ಚುಹಾಕಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಮ್ಮ ಗೂಡಿನಲ್ಲಿ ಸತ್ಯವೇದಕ್ಕೆ ಆನಿಕೊಂಡು ಆ ಸರ್ವಜ್ಞ ಇರುತ್ತಿದ್ದ. ಪ್ರಾರ್ಥನೆ ಮುಗಿದು ಊಟಕ್ಕೆ ಕೂತ ಮೇಲೆ ಅಜ್ಜ ಒಂದು ತ್ರಿಪದಿ ಹೇಳಿ ಅರ್ಥ ಕೇಳುತ್ತಿದ್ದ. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಸುರುವಾಯಿತು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಅಜ್ಜನಿಗೂ ಗೊತ್ತಾಗಬೇಕಾಗಿರಲಿಲ್ಲ.

ಇನ್ನು ಊಟದ ಮಾತು. ಪಶ್ಚಿಮದವರು ಓದುವ ಸತ್ಯವೇದದಲ್ಲಿ ಬ್ರೆಡ್ ಇದೆ, ನಮ್ಮದರಲ್ಲಿ ರೊಟ್ಟಿ. ಐದು ರೊಟ್ಟಿ ಎರಡು ಮೀನು ಎಂದು ಓದಿದಾಗ ಚಿಕ್ಕವಳಾದ ನನ್ನ ಕಣ್ಣಿಗೆ ಕಟ್ಟಿದ್ದು ಆಯಿ ಬಡಿದ ಬಿಳಿಜೋಳದ ರೊಟ್ಟಿ. ಮೀನೇ ಅಪರೂಪ, ಹುಬ್ಬಳ್ಳಿಗೆ ಅದು ಕಾರವಾರದಿಂದ ಬರಬೇಕು. ಕರ್ತನು ರೊಟ್ಟಿ ಮುರಿದನು ಎಂದಾಗ ಕಟಕ್ ಎಂಬ ಸದ್ದೂ ಕೇಳಿಸುತ್ತಿತ್ತು. ಕಡಕ್ ರೊಟ್ಟಿಯ ಸೀಮೆಯವರಿಗೆ ಆ ಕ್ರಿಯಾಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಮ್ಮಾಹು ಎಂಬ ಊರಿನ ಕಥೆ ನನಗೆ ಅದಕ್ಕೇ ಹತ್ತಿರದ್ದು. ಯೇಸು ಸತ್ತನೆಂದು ಸೋತ ಮುಖದ ಇಬ್ಬರು ನಡೆದು ಹೊರಟಿದ್ದಾರೆ. ಹನ್ನೊಂದು ಕಿಲೋಮೀಟರಿನಷ್ಟು ದಾರಿ, ಹುಬ್ಬಳ್ಳಿ ಧಾರವಾಡದ ಅರ್ಧ ಅನ್ನಿ. ಅವನೇ ಬಂದು ಜೊತೆಗೂಡುತ್ತಾನೆ, ಶಾಸ್ತ್ರವನ್ನೆಲ್ಲ ಬಿಡಿಸಿ ಹೇಳುತ್ತಾನೆ. ಅವರಿಗೆ ಗುರುತು ಹತ್ತುವುದಿಲ್ಲ. ಹೊತ್ತಾಯಿತು, ಇಲ್ಲೇ ಉಳಿ ಎಂದು ಮನೆಗೆ ಕರೆಯುತ್ತಾರೆ. ಅವನು ರೊಟ್ಟಿ ಮುರಿದಾಗ ಗುರುತು ಸಿಕ್ಕಿತು. ದಾರಿಯುದ್ದದ ಉಪನ್ಯಾಸದಿಂದ ಆಗದ್ದು ಊಟಕ್ಕೆ ಕೂತಾಗ ಆಯಿತು. ಉಪನ್ಯಾಸಕಿಯಾಗಿ ಇದನ್ನು ಹೇಳುವುದು ನನಗೆ ಅಷ್ಟೇನೂ ಲಾಭದ್ದಲ್ಲ.

ಮನೆ ಎಂದರೆ ಬರೀ ಹಾಲು ಸಕ್ಕರೆ ಎಂದು ತಿಳಿಯಬೇಡಿ. ಪ್ರಾರ್ಥನೆಗೆ ಕೂತಾಗಲೂ ಆಯಿಯ ಒಂದು ಕಿವಿ ಒಲೆಯ ಮೇಲಿನ ಹಾಲಿನ ಕಡೆಗೇ ಇರುತ್ತಿತ್ತು. ಹಾಲು ಉಕ್ಕಿದರೆ ಏಳಬೇಕಾದವಳು ಅವಳೇ. ಅಜ್ಜ ಕಣ್ಣು ಮುಚ್ಚಿಯೇ ಇರುತ್ತಿದ್ದ. ನನ್ನ ಸೊಸೆ ಈಗ ಆ ವ್ಯವಸ್ಥೆಯನ್ನು ಒಪ್ಪುವುದಿಲ್ಲ, ಸರಿಯಾಗಿಯೇ ಒಪ್ಪುವುದಿಲ್ಲ. ಮಗ ಸೊಸೆ ಇರುವುದು ಪುಣೆಯಲ್ಲಿ. ಭಾನುವಾರ ರಾತ್ರಿ ಮೊಬೈಲಿನಲ್ಲಿ ಎಲ್ಲರೂ ಕೂಡುತ್ತೇವೆ. ಮಗ ಕುಕ್ಕರಿನ ಸೀಟಿ ಎಣಿಸುತ್ತಾನೆ, ಸೊಸೆ ಓದುತ್ತಾಳೆ. ಕರ್ತನ ಪ್ರಾರ್ಥನೆಯನ್ನು ಕೂಡಿ ಹೇಳುವಾಗ ಮಾತ್ರ ಫಜೀತಿ. ಹುಬ್ಬಳ್ಳಿಯ ದನಿ ಒಂದು ಕಡೆ, ಪುಣೆಯದು ಎರಡು ಸೆಕೆಂಡು ಹಿಂದೆ. ನಾನು ಆಮೆನ್ ಅಂದು ಕಣ್ಣು ತೆರೆದರೆ ಮೊಮ್ಮಗಳು ಇನ್ನೂ ಅರ್ಧದಲ್ಲಿ ಇರುತ್ತಾಳೆ. ಅವಳು ಮುಗಿಸುವವರೆಗೆ ಕಾಯುತ್ತೇನೆ.

ಹಾಗೆ ಕಾಯುವಾಗ ಇನ್ನೊಂದು ದನಿಗೆ ಕಾದದ್ದು ನೆನಪಾಗುತ್ತದೆ. ಅಜ್ಜ ತೀರಿಕೊಂಡ ಮೇಲೆ ಮನೆಯ ಪಾಲಿನ ವಿಷಯಕ್ಕೆ ಅಪ್ಪನಿಗೂ ಕಾಕಾನಿಗೂ ಮಾತು ನಿಂತಿತು. ಕಾಕಾ ಎರಡು ಓಣಿ ಆಚೆ ಬಾಡಿಗೆ ಮನೆ ಹಿಡಿದ. ಸಂಜೆ ಪ್ರಾರ್ಥನೆ ನಡೆದೇ ಇತ್ತು. ಆದರೆ ಕರ್ತನ ಪ್ರಾರ್ಥನೆಯಲ್ಲಿ ನಮಗೆ ಕೆಟ್ಟದ್ದು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಅಪ್ಪನ ದನಿ ಇರುತ್ತಿರಲಿಲ್ಲ. ಅದರ ಹಿಂದಿನ ಸಾಲಿನವರೆಗೆ ಇತ್ತು, ಮುಂದಿನ ಸಾಲಿಗೆ ಮತ್ತೆ ಬರುತ್ತಿತ್ತು. ಸುಳ್ಳು ಹೇಳಬಾರದೆಂದು ಬಾಯಿ ಮುಚ್ಚುತ್ತಿದ್ದನೆಂದು ನನಗೆ ಆಗಲೇ ಹೊಳೆದಿತ್ತು. ಆಯಿ ಒಂದು ಮಾತೂ ಆಡಲಿಲ್ಲ. ಆ ಸಾಲಿನಲ್ಲಿ ಮಾತ್ರ ತುಸು ನಿಧಾನ ಮಾಡುತ್ತಿದ್ದಳು, ದಾಟುವವರಿಗೆ ಬಾಗಿಲು ಹಿಡಿದು ನಿಂತ ಹಾಗೆ. ಹದಿನಾಲ್ಕು ತಿಂಗಳು ಹೀಗೆ ನಡೆಯಿತು.

ಒಂದು ಸಂಜೆ ಅಡ್ಡಮಳೆ ಬಂದು ಕರೆಂಟು ಹೋಗಿತ್ತು. ಓದುವುದಕ್ಕೆ ಬೆಳಕಿರಲಿಲ್ಲ, ಬರೀ ಪ್ರಾರ್ಥನೆ ಮಾಡಿದೆವು. ಆ ಸಾಲು ಬಂತು. ಅಪ್ಪನ ದನಿ ನಿಲ್ಲಲಿಲ್ಲ. ಕತ್ತಲಲ್ಲಿ ಮುಖ ಕಾಣಲಿಲ್ಲ. ಆಮೆನ್ ಆದದ್ದೇ ಆಯಿ ಎದ್ದು ಒಲೆಯ ಬೂದಿ ಕೆದರಿ ಕೆಂಡ ಮೇಲೆ ಮಾಡಿದಳು, ಮತ್ತೆ ಹಿಟ್ಟು ನಾದಿ ನಾಲ್ಕು ರೊಟ್ಟಿ ಬಡಿದಳು, ಎಣ್ಣಿಗಾಯಿ ಪಲ್ಯೆಯ ಡಬರಿಯೊಂದಿಗೆ ಅರಿವೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ‘ಕಾಕಾನ ಮನಿಗೆ ಕೊಟ್ಟ ಬಾ. ಯಾರ ಕೊಟ್ರು ಅಂದ್ರ, ಅಪ್ಪ ಅನ್ನು.’ ಮಳೆಯಲ್ಲಿ ಓಡಿದೆ. ಕಾಕಿ ಗಂಟು ಬಿಚ್ಚಿ ಏನೂ ಕೇಳಲಿಲ್ಲ. ಡಬರಿಯನ್ನು ಬರಿದು ಕಳಿಸಬಾರದೆಂದು ಶೇಂಗಾ ಚಟ್ನಿ ತುಂಬಿ ಕೊಟ್ಟಳು. ಮನೆಯ ವ್ಯಾಜ್ಯ ಕೋರ್ಟಿನಲ್ಲಿ ಆಮೇಲೆಯೂ ಮೂರು ವರ್ಷ ನಡೆಯಿತು.