ಅಗ್ವಬೆಯಾ ನುಡಿಸಿದ್ದು, ಕಲಿಸಿದ್ದು



ಲಯವಾದ್ಯಗಳ ಇಂಥ ಸಮ್ಮೇಳನದ ಅಧ್ಯಕ್ಷ ಪೀಠದಿಂದ ನಮ್ಮ ಪರಂಪರೆಯ ಹಿರಿಯರನ್ನು ನೆನೆಯುವುದು ವಾಡಿಕೆ. ಇಂದು ನಾನು ದೂರದ ಕ್ಯೂಬಾದ ಒಬ್ಬ ಲಯವಾದ್ಯಗಾರರನ್ನು ನೆನೆಯುತ್ತೇನೆ. ಅವರು ಫ್ರಾನ್ಸಿಸ್ಕೊ ಅಗ್ವಬೆಯಾ. 1925ರಲ್ಲಿ ಮತಾನ್ಸಾಸ್ ನಗರದಲ್ಲಿ ಹುಟ್ಟಿ, 2010ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡವರು.

ಮತಾನ್ಸಾಸ್ ಸಕ್ಕರೆಯಿಂದ ಬೆಳೆದ ಬಂದರು. ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕಾದಿಂದ ಹಿಡಿದು ತಂದ ಜನ ತಮ್ಮ ದೈವಗಳನ್ನೂ, ಅವುಗಳನ್ನು ಕರೆಯುವ ವಾದ್ಯಗಳನ್ನೂ ಅಲ್ಲಿ ಕಾಪಾಡಿಕೊಂಡರು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಅಂದರೆ ಅಗ್ವಬೆಯಾ ಹುಟ್ಟುವುದಕ್ಕೆ ನಲವತ್ತು ವರ್ಷಗಳಷ್ಟೂ ಹಿಂದಲ್ಲ.

ಹಾಗೆ ಉಳಿದವುಗಳಲ್ಲಿ, ಪಶ್ಚಿಮ ಆಫ್ರಿಕಾದ ಯೊರುಬಾ ಜನರಿಂದ ಬಂದ ಬಾತಾ ಮೂರು ಚರ್ಮವಾದ್ಯಗಳ ಮೇಳ. ಮೃದಂಗದ ಹಾಗೆ ತೊಡೆಯ ಮೇಲೆ ಅಡ್ಡಲಾಗಿಟ್ಟು ಎರಡೂ ಮುಖಗಳನ್ನು ನುಡಿಸುತ್ತಾರೆ. ಚಿಕ್ಕದಾದ ಒಕೊಂಕೊಲೊ ತನ್ನ ನಡೆಯನ್ನು ಬಿಡದೆ ಹಿಡಿದಿರುತ್ತದೆ. ದೊಡ್ಡದಾದ ಇಯಾ ಕರೆ ಕೊಡುತ್ತದೆ, ನಡುವಿನ ಇತೋತೆಲೆ ಓಗೊಡುತ್ತದೆ. ಕರೆ ಬದಲಾದೊಡನೆ ಉತ್ತರವೂ ಬದಲಾಗಬೇಕು; ತಡವಾದರೆ ಮೇಳವೇ ಕುಸಿಯುತ್ತದೆ. ಪೂಜೆಗೊಂಡ ಬಾತಾವನ್ನು ದೀಕ್ಷೆ ಪಡೆದವರು ಮಾತ್ರ ನುಡಿಸಬೇಕೆಂಬ ಕಟ್ಟಳೆ ಇದೆ. ಅಗ್ವಬೆಯಾ ಆ ದೀಕ್ಷೆ ಪಡೆದವರು.

1950ರ ದಶಕದಲ್ಲಿ ಅಮೆರಿಕದ ಕ್ಯಾಥರೀನ್ ಡನ್‌ಹ್ಯಾಮ್ ಅವರ ನೃತ್ಯ ತಂಡ ಸೇರಿ ಅವರು ಊರು ಬಿಟ್ಟರು. ಅಮೆರಿಕದಲ್ಲಿ ಕ್ಯೂಬಾದ ಲಯಕ್ಕೆ ಆಗಲೇ ದಾರಿ ತೆರೆದಿತ್ತು: 1947ರಲ್ಲಿ ಹವಾನಾದ ಚಾನೊ ಪೊಸೊ, ತುತ್ತೂರಿಗಾರ ಡಿಜ್ಜಿ ಗಿಲೆಸ್ಪಿಯವರ ಜಾಜ್ ವಾದ್ಯವೃಂದಕ್ಕೆ ಕಾಂಗಾ ಎಂಬ ಚರ್ಮವಾದ್ಯವನ್ನು ತಂದಿದ್ದರು. ಅಗ್ವಬೆಯಾ, ವಾದ್ಯವೃಂದದ ನಾಯಕ ಟಿಟೊ ಪುಯೆಂತೆಯವರ ‘ಟಾಪ್ ಪರ್ಕಷನ್’ ಧ್ವನಿಮುದ್ರಿಕೆಯಲ್ಲಿ ನುಡಿಸಿದರು. ಗಿಲೆಸ್ಪಿ, ಗಾಯಕರಾದ ಪೆಗ್ಗಿ ಲೀ, ಫ್ರಾಂಕ್ ಸಿನಾತ್ರಾ, ಮುಂದೆ ‘ಮಾಲೊ’ ಎಂಬ ರಾಕ್ ತಂಡ, ಹೀಗೆ ಎಲ್ಲರಿಗೂ ಅವರ ಕೈ ಬೇಕಾಯಿತು. ತಮ್ಮದೇ ಲ್ಯಾಟಿನ್ ಜಾಜ್ ತಂಡವನ್ನೂ ಕಟ್ಟಿದರು.

ಈ ಲ್ಯಾಟಿನ್ ಸಂಗೀತಕ್ಕೆ ಕ್ಲಾವೆ ಎಂಬ ಒಂದು ಆಧಾರವಿದೆ. ಎರಡು ಮರದ ಕಡ್ಡಿಗಳಿಂದ ಹೊರಡುವ ಐದು ಪೆಟ್ಟು, ಆವರ್ತದ ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು. ಪಿಯಾನೊ, ಬಾಸ್, ತುತ್ತೂರಿ ಎಲ್ಲವೂ ಅದಕ್ಕೆ ಹೊಂದಿಕೊಂಡೇ ನಡೆಯಬೇಕು. ಎಷ್ಟು ವೇಗವಾಗಿ ನುಡಿಸಿದರೂ ಕ್ಲಾವೆಗೆ ಎದುರಾಗಿ ಬಿದ್ದ ಕೈಚಳಕಕ್ಕೆ ಅಲ್ಲಿ ಬೆಲೆಯಿಲ್ಲ. ಇದನ್ನು ನಾನು ಬಹಳ ಮೆಚ್ಚುತ್ತೇನೆ.

ಕೊನೆಯ ವರ್ಷಗಳಲ್ಲಿ ಅವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1992ರಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಪರಂಪರಾ ಗೌರವವೂ ಸಂದಿತು. ಅವರು ಬೆಳೆದು ಬಂದ ಬಾತಾ ಪದ್ಧತಿಯಲ್ಲಿ ಕಲಿಕೆ ಶುರುವಾಗುವುದು ಒಕೊಂಕೊಲೊದಿಂದ. ನಡೆ ಕದಲದಂತೆ ಹಿಡಿಯಲು ಬಂದ ಮೇಲೆಯೇ ಇತೋತೆಲೆ. ಇಯಾ ಕೈಗೆ ಬರುವುದು ಬಹಳ ತಡವಾಗಿ. ಪೆಗ್ಗಿ ಲೀಯವರ ಹಾಡಿಗೂ ಗಿಲೆಸ್ಪಿಯವರ ತುತ್ತೂರಿಗೂ ಒಂದೇ ಕೈ ಒಗ್ಗಿದ್ದು ಈ ತಳಪಾಯದಿಂದಲೇ ಎಂದು ನನ್ನ ದೃಢ ನಂಬಿಕೆ.

ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತಿರುಗುಮುರುಗು: ನಮ್ಮ ಮಕ್ಕಳು ಲಯವಾದ್ಯ ಮಾತ್ರವೇ ನುಡಿಯುವ ತನಿ ಆವರ್ತನಕ್ಕೆ ಅವಸರಪಡುತ್ತಿದ್ದಾರೆ. ತಪ್ಪು ಅವರದಲ್ಲ, ನಮ್ಮ ಸ್ಪರ್ಧೆಗಳು ಬಹುಮಾನ ಕೊಡುವುದೇ ಅದಕ್ಕೆ. ಸಂಗೀತ ಸಭೆಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು: ಮುಂದಿನ ವರ್ಷದಿಂದ ಹಾಡುಗಾರಿಕೆಗೆ ಪಕ್ಕವಾದ್ಯ ನುಡಿಸುವ ಸ್ಪರ್ಧೆಯನ್ನೂ ನಡೆಸಿ, ಅದರ ಬಹುಮಾನವನ್ನು ತನಿಯ ಬಹುಮಾನಕ್ಕೆ ಸಮನಾಗಿಡಿ. ಗುರುಗಳೂ ತಮ್ಮ ಶಿಷ್ಯರನ್ನು ಮೊದಲು ಆ ಸ್ಪರ್ಧೆಗೇ ಕಳಿಸಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.